ಮನೆಯ ಮಗ್ಗದಲ್ಲಿ ಸ್ಕಾರ್ಫ್ ಮತ್ತು ಮಾದರಿ ತುಂಡು ನೇಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲೊಂದು ಚಿಕ್ಕ ಮಗ್ಗವಿಟ್ಟುಕೊಂಡು ಮೊದಲ ಸ್ಕಾರ್ಫ್ ನೇಯಲು ಹೊರಟವರು, ಒಂದೆರಡು ನೇಯ್ದು ಮುಗಿಸಿ ಇನ್ನೂ ಚೆನ್ನಾಗಿ ಬರಬೇಕಿತ್ತಲ್ಲ ಎಂದುಕೊಂಡವರು, ಇಬ್ಬರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ನೇಯ್ಗೆಯಲ್ಲಿ ಅಡ್ಡ ಎಳೆಯನ್ನು ಒಯ್ಯುವ ಲಾಳಿಯನ್ನು ಓಡಿಸುವ ಕೆಲಸಕ್ಕಿಂತ ಅದರ ಮೊದಲಿನ ಲೆಕ್ಕ ಮತ್ತು ಅದರ ನಂತರದ ಒಗೆತ ಬಟ್ಟೆಯ ಗುಣವನ್ನು ಹೆಚ್ಚು ನಿರ್ಧರಿಸುತ್ತವೆ ಎಂಬುದು ಈ ಉತ್ತರಗಳ ಹಿಂದಿರುವ ನಂಬಿಕೆ. ಆದ್ದರಿಂದ ಆ ಎರಡು ವಿಷಯಗಳಿಗೆ ಇಲ್ಲಿ ಹೆಚ್ಚು ಜಾಗ ಸಿಕ್ಕಿದೆ.

ಸ್ಕಾರ್ಫ್ ನೇಯಲು ಯಾವ ಬಗೆಯ ಮಗ್ಗ ಸಾಕು?

ಸ್ಕಾರ್ಫಿನ ಅಗಲ ಸಾಮಾನ್ಯವಾಗಿ 20ರಿಂದ 35 ಸೆಂಟಿಮೀಟರಿನ ಒಳಗಿರುವುದರಿಂದ, ನೇಯುವ ಅಗಲ 40 ಸೆಂಟಿಮೀಟರ್ ಇರುವ ಮಗ್ಗವೇ ಧಾರಾಳವಾಗಿ ಸಾಕು. ಬರಿಯ ಮರದ ಚೌಕಟ್ಟಿಗೆ ಎಳೆ ಸುತ್ತಿ ನೇಯುವ ಫ್ರೇಮ್ ಮಗ್ಗದಲ್ಲಿ ಬಟ್ಟೆಯ ಉದ್ದಕ್ಕೆ ಚೌಕಟ್ಟೇ ಮಿತಿ ಹಾಕುವುದರಿಂದ ಅದು ಮಾದರಿ ತುಂಡುಗಳಿಗೆ ಒಳ್ಳೆಯದೇ ಹೊರತು ಸ್ಕಾರ್ಫಿಗೆ ಅಷ್ಟಾಗಿ ಹೊಂದುವುದಿಲ್ಲ. ಉದ್ದದ ಬಟ್ಟೆ ಬೇಕೆಂದರೆ ಹಿಂದೆ ಹಾಸನ್ನೂ (ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು) ಮುಂದೆ ನೇಯ್ದ ಬಟ್ಟೆಯನ್ನೂ ಸುತ್ತಿಕೊಳ್ಳುವ ಎರಡು ದಿಂಡುಗಳು ಇರಬೇಕು. ಈ ಅನುಕೂಲವಿರುವ ಮಗ್ಗಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು ರಿಜಿಡ್ ಹೆಡಲ್ ಮಗ್ಗ. ಇದರಲ್ಲಿ ಒಂದೇ ಹಲಗೆ, ಹೊಕ್ಕನ್ನು (ಅಡ್ಡಕ್ಕೆ ಹಾಯುವ ಎಳೆ) ತಳ್ಳಿ ಕೂಡಿಸುವ ಬಾಚಣಿಗೆಯಂತಹ ಹಣಿಗೆಯ ಕೆಲಸವನ್ನೂ ಎಳೆಗಳನ್ನು ಎತ್ತಿಳಿಸುವ ಕೆಲಸವನ್ನೂ ಮಾಡುತ್ತದೆ: ಒಂದು ಎಳೆ ಹಲಗೆಯ ರಂಧ್ರದಲ್ಲಿ, ಪಕ್ಕದ ಎಳೆ ಸಂದಿನಲ್ಲಿ ಹೋಗಿರುತ್ತದೆ; ಹಲಗೆಯನ್ನು ಮೇಲಕ್ಕಿಟ್ಟರೆ ರಂಧ್ರದ ಎಳೆಗಳು ಮೇಲೇಳುತ್ತವೆ, ಕೆಳಕ್ಕಿಟ್ಟರೆ ಅವೇ ಕೆಳಗಿಳಿಯುತ್ತವೆ.

ಮುಂದೆ ಟ್ವಿಲ್‌ನಂತಹ ಓರೆಗೆರೆಯ ನೇಯ್ಗೆಗಳನ್ನು ಸರಾಗವಾಗಿ ನೇಯುವ ಆಸೆಯಿದ್ದರೆ ನಾಲ್ಕು ಶಾಫ್ಟ್‌ಗಳಿರುವ (ಹಾಸಿನ ಎಳೆಗಳನ್ನು ಗುಂಪುಗುಂಪಾಗಿ ಎತ್ತುವ ಚೌಕಟ್ಟುಗಳು) ಮೇಜಿನ ಮಗ್ಗವನ್ನು ಮೊದಲೇ ಆರಿಸಿಕೊಳ್ಳಬಹುದು. ಕಾಲಿನಿಂದ ತುಳಿಯುವ ನೆಲದ ಮಗ್ಗ ವೇಗದಲ್ಲಿ ಇವೆರಡನ್ನೂ ಮೀರಿಸುತ್ತದೆಯಾದರೂ ಅದಕ್ಕೆ ಮನೆಯಲ್ಲಿ ಕಾಯಂ ಜಾಗ ಬೇಕು. ಕಲಿಯುವವರಿಗೆ ದೊಡ್ಡ ಮಗ್ಗಕ್ಕಿಂತ, ಮಡಿಸಿಡಲು ಬರುವ ಮತ್ತು ಮತ್ತೆ ಮತ್ತೆ ಹೂಡಲು ಬೇಸರ ತರದ ಚಿಕ್ಕ ಮಗ್ಗವೇ ಮೇಲು.

ರಿಜಿಡ್ ಹೆಡಲ್ ಮಗ್ಗದಲ್ಲಿ ಸಾದಾ ನೇಯ್ಗೆಯಲ್ಲದೆ ಬೇರೇನೂ ಸಾಧ್ಯವಿಲ್ಲವೇ?

ಖಂಡಿತವಾಗಿ ಸಾಧ್ಯವಿದೆ. ಸಂದಿನಲ್ಲಿರುವ ಎಳೆಗಳಲ್ಲಿ ಕೆಲವನ್ನು ಮಾತ್ರ ಚಪ್ಪಟೆ ಕಡ್ಡಿಯೊಂದರಿಂದ ಹೆಕ್ಕಿ ಎತ್ತಿದರೆ ಹೊಕ್ಕಿನ ಅಥವಾ ಹಾಸಿನ ಎಳೆಗಳು ಅಲ್ಲಲ್ಲಿ ತೇಲಿ ನಿಂತು ಜಾಳಿಗೆಯಂತಹ ವಿನ್ಯಾಸ ಮೂಡುತ್ತದೆ. ಪಕ್ಕಪಕ್ಕದ ಎಳೆಗಳನ್ನು ಬೆರಳಿನಿಂದ ಹೊರಳಿಸಿ ಅವುಗಳ ನಡುವೆ ಹೊಕ್ಕನ್ನು ಸಾಗಿಸಿದರೆ ಲೀನೋ ಎಂಬ ತೆರಪುಳ್ಳ ನೇಯ್ಗೆ ಸಿಗುತ್ತದೆ. ಹೊರಳಿದ ಎಳೆಗಳು ಹೊಕ್ಕನ್ನು ಬಿಗಿಯಾಗಿ ಹಿಡಿಯುವುದರಿಂದ ತೆರಪು ದೊಡ್ಡದಿದ್ದರೂ ಬಟ್ಟೆ ಜಾರುವುದಿಲ್ಲ. ಒಂದು ಗಾಢ, ಒಂದು ತಿಳಿ ಬಣ್ಣದ ಎಳೆಗಳನ್ನು ಹಾಸಿನಲ್ಲೂ ಹೊಕ್ಕಿನಲ್ಲೂ ಒಂದಾದ ಮೇಲೊಂದರಂತೆ ಜೋಡಿಸಿ, ನಡುನಡುವೆ ಆ ಸರದಿಯನ್ನು ಅದಲುಬದಲು ಮಾಡಿದರೆ ಅಡ್ಡ ಮತ್ತು ಉದ್ದ ಪಟ್ಟಿಗಳ ಚೌಕಗಳು ಕಾಣಿಸಿಕೊಳ್ಳುತ್ತವೆ. ಇದನ್ನು ಲಾಗ್ ಕ್ಯಾಬಿನ್ ಎನ್ನುತ್ತಾರೆ. ನೇಯ್ಗೆ ಸಾದಾ ಆಗಿದ್ದೂ ಕಣ್ಣಿಗೆ ಜಟಿಲವಾಗಿ ಕಾಣುವ ಈ ವಿನ್ಯಾಸ ಎರಡನೆಯ ಅಥವಾ ಮೂರನೆಯ ಸ್ಕಾರ್ಫಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ.

ಹಾಸಿನ ನೂಲನ್ನು ಹೇಗೆ ಆರಿಸಬೇಕು?

ಹಾಸಿನ ಎಳೆಗಳು ನೇಯ್ಗೆ ಮುಗಿಯುವವರೆಗೆ ಎರಡು ಬಗೆಯ ಕಷ್ಟವನ್ನು ತಾಳಿಕೊಳ್ಳಬೇಕಾಗುತ್ತದೆ: ಒಂದು ಎಡೆಬಿಡದ ಎಳೆತ, ಇನ್ನೊಂದು ಹಣಿಗೆಯ ಹಲ್ಲುಗಳ ಉಜ್ಜಾಟ. ಇವೆರಡನ್ನೂ ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಗೇಣುದ್ದದ ಎಳೆಯನ್ನು ಎರಡೂ ಕೈಗಳಲ್ಲಿ ಹಿಡಿದು ನಿಧಾನವಾಗಿ ಎಳೆದಾಗ ಅದು ಬಿಡಿಬಿಡಿಯಾಗಿ ಜಾರಿ ಬೇರೆಯಾದರೆ ಹುರಿ ಸಾಲದು ಎಂದರ್ಥ. ಎಳೆಯನ್ನು ಬಿಗಿಯಾಗಿ ಹಿಡಿದು ಅದರ ಮೇಲೆ ಉಗುರನ್ನು ಹತ್ತಾರು ಬಾರಿ ಹಿಂದಕ್ಕೂ ಮುಂದಕ್ಕೂ ಆಡಿಸಿದಾಗ ಕೂದಲೆದ್ದು ನಯ ಕಳೆದುಕೊಂಡರೆ ಅದು ಹಾಸಿನಲ್ಲಿ ಪಕ್ಕದ ಎಳೆಗಳಿಗೆ ಅಂಟಿಕೊಂಡು ತೊಂದರೆ ಕೊಡುತ್ತದೆ. ಎರಡೆಳೆಯ ಹುರಿ ಇರುವ ಹತ್ತಿ ಮತ್ತು ಎರಡೆಳೆಯ ನಯವಾದ ಉಣ್ಣೆ ಕಲಿಯುವವರಿಗೆ ಒಳ್ಳೆಯ ಆಯ್ಕೆಗಳು. ಲಿನನ್ ಹಿಗ್ಗುವುದಿಲ್ಲವಾದ್ದರಿಂದ ಎಳೆಗಳ ಬಿಗಿತದಲ್ಲಿ ಸ್ವಲ್ಪ ಏರುಪೇರಾದರೂ ಅದು ಬಟ್ಟೆಯಲ್ಲಿ ಎದ್ದು ಕಾಣುತ್ತದೆ. ಅದನ್ನು ಮೊದಲ ಹಾಸಿನಲ್ಲಿ ಬಳಸದಿರುವುದು ಲೇಸು. ರೋಮಭರಿತ ಮೊಹೇರ್ ಮತ್ತು ಒಂಟಿ ಎಳೆಯ ಮೆತ್ತನೆಯ ಉಣ್ಣೆಯನ್ನು ಹೊಕ್ಕಿಗೆ ಉಳಿಸಿಕೊಳ್ಳಿ. ಹೊಕ್ಕು ಎಳೆತವನ್ನು ಹೊರುವುದಿಲ್ಲವಾದ್ದರಿಂದ ಅಲ್ಲಿ ಬಹುತೇಕ ಯಾವ ನೂಲಾದರೂ ನಡೆಯುತ್ತದೆ.

ಲೇಬಲ್ ಇಲ್ಲದ ನೂಲು ಕೈಗೆ ಬಂದರೆ ಒಂದು ತುಣುಕನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು. ಉಣ್ಣೆ ಮತ್ತು ರೇಷ್ಮೆ ಸುಟ್ಟ ಕೂದಲಿನ ವಾಸನೆ ಬೀರಿ ಪುಡಿಯಾಗುವ ಬೂದಿ ಬಿಡುತ್ತವೆ, ಹತ್ತಿ ಮತ್ತು ಲಿನನ್ ಕಾಗದದಂತೆ ಉರಿಯುತ್ತವೆ, ಪಾಲಿಯೆಸ್ಟರ್ ಮತ್ತು ನೈಲಾನ್ ಕರಗಿ ಗಟ್ಟಿ ಗುಂಡಾಗುತ್ತವೆ.

ನೂಲಿನ ಮೇಲೆ ಬರೆದಿರುವ 8/2, 2/20 ಎಂಬ ಸಂಖ್ಯೆಗಳ ಅರ್ಥವೇನು?

ಎರಡು ಸಂಖ್ಯೆಗಳಲ್ಲಿ ಒಂದು ನೂಲಿನ ನಂಬರು, ಇನ್ನೊಂದು ಸೇರಿಸಿ ಹುರಿಗೊಳಿಸಿದ ಎಳೆಗಳ ಲೆಕ್ಕ. ಬರೆಯುವ ಕ್ರಮ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆಯಾದರೂ ಚಿಕ್ಕ ಸಂಖ್ಯೆ ಸಾಮಾನ್ಯವಾಗಿ ಎಳೆಗಳದ್ದು. ಹತ್ತಿಯ ಇಂಗ್ಲಿಷ್ ಪದ್ಧತಿಯಲ್ಲಿ 840 ಗಜದ ಒಂದು ಲಡಿ ಒಂದು ಪೌಂಡ್ ತೂಗಿದರೆ ಅದು 1ನೇ ನಂಬರು. ಒಂದು ಪೌಂಡಿಗೆ ಅಂತಹ ಎಂಟು ಲಡಿಗಳಾದರೆ 8ನೇ ನಂಬರು. ಹೀಗಾಗಿ ನಂಬರು ಏರಿದಷ್ಟೂ ನೂಲು ಸಣ್ಣದಾಗುತ್ತದೆ. 8/2 ಹತ್ತಿಯಲ್ಲಿ 8ನೇ ನಂಬರಿನ ಎರಡು ಎಳೆಗಳು ಸೇರಿರುವುದರಿಂದ ಪೌಂಡಿಗೆ 8 × 840 ÷ 2, ಅಂದರೆ 3360 ಗಜ ಸಿಗುತ್ತದೆ. ನಮ್ಮ ಅಳತೆಯಲ್ಲಿ 100 ಗ್ರಾಮಿಗೆ ಸುಮಾರು 677 ಮೀಟರ್. ಉಣ್ಣೆಗೆ ಹೆಚ್ಚಾಗಿ ಮೆಟ್ರಿಕ್ ನಂಬರು ಬಳಕೆಯಲ್ಲಿದ್ದು, ಅದು ಒಂದು ಗ್ರಾಮಿಗೆ ಎಷ್ಟು ಮೀಟರ್ ಎಂಬುದನ್ನು ನೇರವಾಗಿ ಹೇಳುತ್ತದೆ. ಮೆಟ್ರಿಕ್ 2/28 ಎಂದರೆ ಗ್ರಾಮಿಗೆ 14 ಮೀಟರ್. ಟೆಕ್ಸ್ ಎಂಬ ಪದ್ಧತಿ ಇದಕ್ಕೆ ತಿರುಗುಮುರುಗು: 1000 ಮೀಟರಿನ ತೂಕ ಎಷ್ಟು ಗ್ರಾಮು ಎಂಬುದು ಅದರ ಲೆಕ್ಕ. ಒಂದೇ ಸಂಖ್ಯೆ ಬೇರೆ ಬೇರೆ ಪದ್ಧತಿಯಲ್ಲಿ ಬೇರೆ ದಪ್ಪವನ್ನು ಸೂಚಿಸುವುದರಿಂದ, ಕೊಳ್ಳುವ ಮುನ್ನ 100 ಗ್ರಾಮಿಗೆ ಎಷ್ಟು ಮೀಟರ್ ಎಂದು ವಿಚಾರಿಸುವುದೇ ಸುರಕ್ಷಿತ.

ಒಂದು ಸೆಂಟಿಮೀಟರಿಗೆ ಎಷ್ಟು ಎಳೆ ಹಾಕಬೇಕು?

ನೂಲನ್ನು ಅಳತೆಪಟ್ಟಿಯ ಮೇಲೆ ಒಂದರ ಪಕ್ಕ ಒಂದರಂತೆ, ತಾಗಿಯೂ ತಾಗದಂತೆ, ಎಳೆದು ಹಿಗ್ಗಿಸದೆ ಎರಡು ಸೆಂಟಿಮೀಟರ್ ದೂರಕ್ಕೆ ಸುತ್ತಿ ಎಣಿಸಿ, ಬಂದ ಸಂಖ್ಯೆಯನ್ನು ಎರಡರಿಂದ ಭಾಗಿಸಿ. ಸೆಂಟಿಮೀಟರಿಗೆ 10 ಸುತ್ತು ಬಂದರೆ ಸಾದಾ ನೇಯ್ಗೆಗೆ ಅದರ ಅರ್ಧ, ಅಂದರೆ 5 ಎಳೆ. ಹಾಸಿನ ಎರಡು ಎಳೆಗಳ ನಡುವೆ ಹೊಕ್ಕಿನ ಒಂದು ಎಳೆ ಹಾಯುವಷ್ಟು ಜಾಗ ಬೇಕೆಂಬುದೇ ಈ ಅರ್ಧದ ಕಾರಣ. ಟ್ವಿಲ್‌ನಲ್ಲಿ ಹೊಕ್ಕು ಎರಡೆರಡು ಎಳೆಗಳನ್ನು ಒಟ್ಟಿಗೆ ದಾಟುವುದರಿಂದ ಅಷ್ಟು ಜಾಗ ಬೇಕಾಗುವುದಿಲ್ಲ. ಅಲ್ಲಿ ಮೂರರಲ್ಲಿ ಎರಡು ಭಾಗ, ಅಂದರೆ ಸುಮಾರು 6ರಿಂದ 7 ಎಳೆ ಹಾಕುತ್ತಾರೆ.

ಇದು ಲೆಕ್ಕದ ಆರಂಭ ಮಾತ್ರ. ಚೀಲಕ್ಕೂ ಕುರ್ಚಿಯ ಹೊದಿಕೆಗೂ ಎಳೆಗಳು ದಟ್ಟವಾಗಿರಬೇಕು. ಸ್ಕಾರ್ಫು ಕುತ್ತಿಗೆಯ ಸುತ್ತ ಮೆತ್ತಗೆ ಇಳಿಬೀಳಬೇಕಾದ್ದರಿಂದ ಲೆಕ್ಕಕ್ಕಿಂತ ತುಸು ವಿರಳವಾಗಿರುವುದೇ ಒಳ್ಳೆಯದು. ಎಷ್ಟು ವಿರಳ ಎಂಬುದನ್ನು ಯಾವ ಸೂತ್ರವೂ ಹೇಳಲಾರದು. ಅದನ್ನು ಹೇಳುವುದು ಮಾದರಿ ತುಂಡು.

ಮಾದರಿ ತುಂಡು ನೇಯುವುದು ನಿಜವಾಗಿಯೂ ಅಗತ್ಯವೇ? ನೂಲೂ ಸಮಯವೂ ವ್ಯರ್ಥವಾಗುವುದಿಲ್ಲವೇ?

ಅಗತ್ಯವಿದೆ. ಹೆಣಿಗೆಯಲ್ಲಿ ಕೆಲಸ ಸರಿಬರದಿದ್ದರೆ ಬಿಚ್ಚಿ ಮತ್ತೆ ಹೆಣೆಯಬಹುದು. ನೇಯ್ಗೆಯಲ್ಲಿ ಎಳೆಗಳ ಸಂಖ್ಯೆ, ಹಾಸಿನ ಉದ್ದ, ಅಗಲ ಮತ್ತು ಬಣ್ಣಗಳ ಸರದಿ ಇವೆಲ್ಲ ಲಾಳಿ ಮೊದಲ ಬಾರಿ ಓಡುವ ಮುಂಚೆಯೇ ತೀರ್ಮಾನವಾಗಿರುತ್ತವೆ. ಸ್ಕಾರ್ಫಿನ ಅರ್ಧದಲ್ಲಿ ಬಟ್ಟೆ ಬಿರುಸಾಯಿತು ಎನಿಸಿದರೆ ಆಗ ಮಾಡಬಹುದಾದದ್ದು ಬಹಳ ಕಡಿಮೆ. ಇನ್ನೊಂದು ಕಾರಣ ಇದಕ್ಕಿಂತಲೂ ಮುಖ್ಯವಾದದ್ದು. ಮಗ್ಗದ ಮೇಲೆ ಬಿಗಿಯಾಗಿ ಎಳೆದು ನಿಂತಿರುವ ಬಟ್ಟೆ ತನ್ನ ನಿಜರೂಪವನ್ನು ತೋರಿಸುವುದಿಲ್ಲ. ಮಗ್ಗದಿಂದ ಬಿಚ್ಚಿದಾಗ ಅದು ಕುಗ್ಗುತ್ತದೆ, ಒಗೆದಾಗ ಇನ್ನಷ್ಟು ಕುಗ್ಗುತ್ತದೆ, ಎಳೆಗಳು ಅರಳಿ ತೆರಪುಗಳು ತುಂಬಿಕೊಳ್ಳುತ್ತವೆ. ಮಗ್ಗದ ಮೇಲೆ ಸೊಳ್ಳೆಪರದೆಯಂತೆ ಜಾಳಾಗಿ ಕಂಡ ಉಣ್ಣೆಯ ಬಟ್ಟೆಯೇ ಒಗೆದ ನಂತರ ಹದವಾದ ಸ್ಕಾರ್ಫ್ ಆಗುತ್ತದೆ. ಮಗ್ಗದ ಮೇಲೆ ಹದವಾಗಿ ಕಂಡದ್ದು ಒಗೆದ ನಂತರ ರಟ್ಟಿನಂತಾಗಬಹುದು. ಕೆಲವು ನೇಯ್ಗೆಗಳಲ್ಲಂತೂ ಈ ಬದಲಾವಣೆ ಊಹೆಗೂ ನಿಲುಕದಷ್ಟು ದೊಡ್ಡದು. ಗುಳಿಗುಳಿಯಾದ ಚೌಕಗಳಿರುವ ವಾಫಲ್ ನೇಯ್ಗೆ ಅಗಲದಲ್ಲಿ ಸುಮಾರು ಕಾಲುಭಾಗ ಕಳೆದುಕೊಳ್ಳುವುದೂ ಉಂಟು.

ಮಾದರಿ ತುಂಡು ಕಲಿಯುವವರ ಊರುಗೋಲು ಎಂಬ ಭಾವನೆ ಕೆಲವರಲ್ಲಿದೆ, ಅದು ಸರಿಯಲ್ಲ. ಜರ್ಮನಿಯ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸ ಶಾಲೆಯ ನೇಯ್ಗೆ ವಿಭಾಗವು ಡೆಸ್ಸೌ ನಗರದಲ್ಲಿ ಗುಂಟಾ ಸ್ಟೋಲ್ಜ್ಲ್ ಅವರ ಮುಂದಾಳತ್ವದಲ್ಲಿ ಕಾರ್ಖಾನೆಗಳಿಗೆಂದು ಬಟ್ಟೆಗಳನ್ನು ರೂಪಿಸಿದ್ದು ಕೈಮಗ್ಗದ ಮೇಲೆ ನೇಯ್ದ ಚಿಕ್ಕ ಮಾದರಿಗಳ ಮೂಲಕವೇ. ಅಲ್ಲಿ ಕಲಿತ ಆನಿ ಆಲ್ಬರ್ಸ್ ಬರ್ನೌ ಊರಿನ ಕಾರ್ಮಿಕ ಸಂಘದ ಶಾಲೆಯ ಸಭಾಂಗಣಕ್ಕಾಗಿ, ಒಂದು ಮೈಯಲ್ಲಿ ಸದ್ದನ್ನು ಹೀರಿಕೊಂಡು ಇನ್ನೊಂದು ಮೈಯಲ್ಲಿ ಬೆಳಕನ್ನು ಪ್ರತಿಫಲಿಸುವ ಗೋಡೆಬಟ್ಟೆಯೊಂದನ್ನು ಸೆಲೋಫೇನ್ ಎಳೆ ಬಳಸಿ ರೂಪಿಸಿದರು. 1930ರಲ್ಲಿ ಅವರಿಗೆ ಡಿಪ್ಲೊಮಾ ತಂದುಕೊಟ್ಟ ಕೆಲಸ ಅದು. ಎಳೆ ಮತ್ತು ನೇಯ್ಗೆ ಸೇರಿದಾಗ ಏನಾಗುತ್ತದೆ ಎಂಬುದನ್ನು ಅಂಗೈಯಗಲದ ಬಟ್ಟೆಯಲ್ಲಿ ಮುಟ್ಟಿ ನೋಡಿ ತಿಳಿಯುವ ಈ ಬಗೆ, ಮನೆಯಲ್ಲಿ ನೇಯುವವರಿಗೂ ಅಷ್ಟೇ ಸಲ್ಲುತ್ತದೆ.

ಮಾದರಿ ತುಂಡು ಎಷ್ಟು ದೊಡ್ಡದಿರಬೇಕು, ಅದರಲ್ಲಿ ಏನೇನು ಪರೀಕ್ಷಿಸಬೇಕು?

ಅಗಲ 20 ಸೆಂಟಿಮೀಟರಿಗಿಂತ ಕಡಿಮೆಯಾಗದಿರಲಿ. ತೀರ ಕಿರಿದಾದ ತುಂಡಿನಲ್ಲಿ ಅಂಚುಗಳ ಸೆಳೆತವೇ ಹೆಚ್ಚಾಗಿ ನಡುವಿನ ನಿಜವಾದ ಬಟ್ಟೆ ತಿಳಿಯುವುದಿಲ್ಲ. ಸೆಂಟಿಮೀಟರಿಗೆ 5 ಎಳೆಯಂತೆ 100 ಎಳೆಗಳ, 120 ಸೆಂಟಿಮೀಟರ್ ಉದ್ದದ ಪ್ರತ್ಯೇಕ ಹಾಸನ್ನು ಹೂಡಿದರೆ ಮಗ್ಗಕ್ಕೆ ಕಟ್ಟಿಕೊಳ್ಳುವಲ್ಲಿ ಹೋಗುವ ಉದ್ದವನ್ನು ಕಳೆದು ಮೂರು ತುಂಡುಗಳಿಗೆ ಸಾಕಾಗುತ್ತದೆ, ಮತ್ತು ಹಾಸಿಗೆಂದು ಖರ್ಚಾಗುವುದು 120 ಮೀಟರ್ ನೂಲು ಮಾತ್ರ. ಮೊದಲ ತುಂಡನ್ನು ಹಗುರ ಬಡಿತದಲ್ಲಿ, ಎರಡನೆಯದನ್ನು ಸ್ವಲ್ಪ ಗಟ್ಟಿ ಬಡಿತದಲ್ಲಿ, ಮೂರನೆಯದನ್ನು ಬೇರೆ ಹೊಕ್ಕಿನಲ್ಲಿ ನೇಯಿರಿ. ಹಣಿಗೆಯನ್ನು ಬದಲಾಯಿಸಿ ಅದೇ ಎಳೆಗಳನ್ನು ಹೆಚ್ಚು ವಿರಳವಾಗಿಯೂ ಹೆಚ್ಚು ದಟ್ಟವಾಗಿಯೂ ನೇಯ್ದು ನೋಡುವವರಿಗೆ ಇನ್ನೂ ಹೆಚ್ಚು ತಿಳಿಯುತ್ತದೆ.

ಮಗ್ಗದ ಮೇಲಿರುವಾಗಲೇ, ಬಿಗಿತ ಸಡಿಲಿಸದೆ, ಪ್ರತಿ ತುಂಡಿನ ಉದ್ದ ಅಗಲಗಳನ್ನು ಅಳೆದು ಬರೆದುಕೊಳ್ಳಿ. ಬಿಚ್ಚಿದ ಮೇಲೆ ಇನ್ನೊಮ್ಮೆ, ಒಗೆದು ಒಣಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಈ ಮೂರು ಅಳತೆಗಳಿದ್ದರೆ ಸ್ಕಾರ್ಫಿನ ಲೆಕ್ಕ ಊಹೆಯಾಗಿ ಉಳಿಯುವುದಿಲ್ಲ. ಸಾಧ್ಯವಾದರೆ ಒಂದು ತುಂಡನ್ನು ಒಗೆಯದೆ ಹಾಗೆಯೇ ಇಟ್ಟು ಒಗೆದದ್ದರ ಪಕ್ಕದಲ್ಲಿ ಹಿಡಿದು ನೋಡಬೇಕು. ನೀರು ಬಟ್ಟೆಗೆ ಏನು ಮಾಡುತ್ತದೆ ಎಂಬುದನ್ನು ಅದು ಎಷ್ಟು ಮಾತಿಗಿಂತಲೂ ಚೆನ್ನಾಗಿ ತಿಳಿಸುತ್ತದೆ.

ಸ್ಕಾರ್ಫಿಗೆ ಬೇಕಾಗುವ ನೂಲಿನ ಲೆಕ್ಕವನ್ನು ಹೇಗೆ ಹಾಕುವುದು?

ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಗೆದ ಮೇಲೆ 180 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಅಗಲವಿರುವ ಉಣ್ಣೆಯ ಸ್ಕಾರ್ಫ್ ಬೇಕಾಗಿದೆ. 100 ಗ್ರಾಮಿಗೆ 400 ಮೀಟರ್ ಇರುವ ನೂಲು. ಸೆಂಟಿಮೀಟರಿಗೆ ಹಾಸು 5, ಹೊಕ್ಕು 5. ಮಗ್ಗದ ಮೇಲೆ ಅಳೆದದ್ದರಲ್ಲಿ ಕೊನೆಗೆ 85 ಪ್ರತಿಶತ ಮಾತ್ರ ಉಳಿಯುತ್ತದೆಂದು ಮಾದರಿ ತುಂಡು ತೋರಿಸಿದೆ ಎಂದಿಟ್ಟುಕೊಳ್ಳಿ.

ಅಗಲ 25ನ್ನು 0.85ರಿಂದ ಭಾಗಿಸಿದರೆ 29.4, ಅದನ್ನು 30 ಸೆಂಟಿಮೀಟರ್ ಎಂದು ಹಿಡಿದರೆ 150 ಎಳೆಗಳು. ಉದ್ದ 180ನ್ನು 0.85ರಿಂದ ಭಾಗಿಸಿದರೆ ಮಗ್ಗದ ಮೇಲೆ ನೇಯಬೇಕಾದದ್ದು ಸುಮಾರು 212 ಸೆಂಟಿಮೀಟರ್. ಎರಡೂ ತುದಿಗಳ ಕುಚ್ಚಿಗೆ 20ರಂತೆ 40, ಮಗ್ಗಕ್ಕೆ ಕಟ್ಟಲು ಮತ್ತು ಹಿಂದೆ ನೇಯಲಾಗದೆ ಉಳಿಯುವ ಭಾಗಕ್ಕೆ 50 ಸೇರಿಸಿದರೆ 302 ಆಗುತ್ತದೆ. ಎಳೆಗಳು ಮೇಲೆ ಕೆಳಗೆ ಬಾಗುತ್ತಾ ಸಾಗುವಾಗ ತುಸು ಉದ್ದ ತಿನ್ನುವುದರಿಂದ 310 ಸೆಂಟಿಮೀಟರ್ ಎಂದು ಹಿಡಿಯುವುದು ಕನಿಷ್ಠ, ಕುಚ್ಚಿನ ಒಂದಷ್ಟು ಭಾಗ ಆ ಉಳಿಕೆಯಿಂದಲೇ ಸಿಗುವುದರಿಂದ ಸಾಮಾನ್ಯವಾಗಿ ಅದೇ ಸಾಕು. 150 ಎಳೆಗಳಿಗೆ 3.1 ಮೀಟರಿನಂತೆ ಹಾಸಿನ ನೂಲು 465 ಮೀಟರ್. ಹೊಕ್ಕು 212 ಸೆಂಟಿಮೀಟರಿಗೆ 1060 ಸಾಲು, ಪ್ರತಿ ಸಾಲಿಗೆ 30 ಸೆಂಟಿಮೀಟರಿನಂತೆ 318 ಮೀಟರ್, ಅದರ ಮೇಲೆ ಹತ್ತನೇ ಒಂದು ಭಾಗ ಸೇರಿಸಿ 350 ಮೀಟರ್. ಒಟ್ಟು 815 ಮೀಟರ್, ತೂಕದಲ್ಲಿ 204 ಗ್ರಾಮಿಗೆ ತುಸು ಕಡಿಮೆ. 100 ಗ್ರಾಮಿನ ಎರಡು ಲಡಿ ಸಾಕೆಂದು ಕಣ್ಣಂದಾಜಿನಲ್ಲಿ ಕೊಂಡಿದ್ದರೆ ಕೊನೆಯ ಒಂದು ಗೇಣಿನಲ್ಲಿ ನೂಲು ಮುಗಿಯುತ್ತಿತ್ತು. ಮೂರು ಲಡಿಗಳನ್ನು, ಒಂದೇ ತೊಟ್ಟಿಯಲ್ಲಿ ಒಟ್ಟಿಗೆ ಬಣ್ಣ ಹಾಕಿದವೆಂದು ಲೇಬಲ್ಲಿನ ಸಂಖ್ಯೆ ನೋಡಿ ಖಚಿತಪಡಿಸಿಕೊಂಡು ಕೊಳ್ಳಿ. ಉಳಿದ ನೂಲು ಮುಂದಿನ ಮಾದರಿಗಳಿಗೆ ಆಗುತ್ತದೆ.

ಹಾಸು ಹೂಡುವಾಗ ಎಳೆಗಳು ಸಿಕ್ಕಾಗದಂತೆ ನೋಡಿಕೊಳ್ಳುವುದು ಹೇಗೆ?

ಗೂಟಗಳ ಮೇಲೆ ಹಾಸನ್ನು ಅಳೆಯುವಾಗ ಒಂದು ತುದಿಯ ಎರಡು ಗೂಟಗಳ ನಡುವೆ ಎಳೆಯನ್ನು ಎಂಟರ ಆಕಾರದಲ್ಲಿ ಒಯ್ಯಬೇಕು. ಹೀಗೆ ಮಾಡಿದಾಗ ಹೋಗುವ ಎಳೆ ಮತ್ತು ಬರುವ ಎಳೆ ಕತ್ತರಿಯಂತೆ ದಾಟಿ, ನೂರಾರು ಎಳೆಗಳಿದ್ದರೂ ಪ್ರತಿಯೊಂದರ ಸರದಿ ಉಳಿಯುತ್ತದೆ. ಗೂಟದಿಂದ ತೆಗೆಯುವ ಮುನ್ನ ಆ ದಾಟಿನ ನಾಲ್ಕೂ ಬದಿಗಳನ್ನು ಬೇರೆ ಬಣ್ಣದ ದಾರದಿಂದ ಕಟ್ಟುವುದನ್ನು ಮರೆಯಬಾರದು. ಅದು ತಪ್ಪಿದರೆ ಆ ಹಾಸನ್ನು ಸರಿಪಡಿಸುವುದಕ್ಕಿಂತ ಹೊಸದನ್ನು ಅಳೆಯುವುದೇ ಬೇಗ ಮುಗಿಯುತ್ತದೆ. ದಿಂಡಿಗೆ ಸುತ್ತುವಾಗ ಪದರಗಳ ನಡುವೆ ದಪ್ಪ ಕಾಗದವನ್ನೋ ಚಪ್ಪಟೆ ಕಡ್ಡಿಗಳನ್ನೋ ಇಡುತ್ತಾ ಹೋಗಬೇಕು. ಇಲ್ಲದಿದ್ದರೆ ಮೇಲಿನ ಸುತ್ತಿನ ಎಳೆಗಳು ಕೆಳಗಿನ ಸುತ್ತಿನೊಳಕ್ಕೆ ಹೂತು ಕೆಲವು ಎಳೆಗಳು ಸಡಿಲವಾಗಿಯೂ ಕೆಲವು ಬಿಗಿಯಾಗಿಯೂ ಆಗುತ್ತವೆ. ಜೋಲು ಬಿದ್ದ ಎಳೆಗಳನ್ನು ಬೆರಳಿನಿಂದ ಬಾಚುವ ಆಸೆ ಎಲ್ಲರಿಗೂ ಬರುತ್ತದೆ. ಬಾಚಬೇಡಿ, ಇಡೀ ಹಾಸನ್ನು ಒಟ್ಟಾಗಿ ಹಿಡಿದು ಒಮ್ಮೆ ಗಟ್ಟಿಯಾಗಿ ಜಗ್ಗಿ.

ಹಾಸನ್ನು ಎಷ್ಟು ಬಿಗಿಗೊಳಿಸಬೇಕು?

ಲಾಳಿ ಹಾಯಲು ತೆರಪು ಸ್ವಚ್ಛವಾಗಿ ತೆರೆದುಕೊಳ್ಳುವಷ್ಟು. ಅದಕ್ಕಿಂತ ಹೆಚ್ಚು ಬೇಡ. ಅಂಗೈಯನ್ನು ಎಳೆಗಳ ಮೇಲೆ ಚಪ್ಪಟೆಯಾಗಿಟ್ಟು ಅಡ್ಡಕ್ಕೆ ಸರಿಸಿದಾಗ ಎಲ್ಲೂ ಮೆತ್ತನೆಯ ಜಾಗ ಸಿಗಬಾರದು. ಎಲ್ಲ ಎಳೆಗಳೂ ಒಂದೇ ಸಮ ಇರುವುದು ಬಹಳ ಬಿಗಿ ಇರುವುದಕ್ಕಿಂತ ಮುಖ್ಯ.

ಅಂಚುಗಳು ಒಳಕ್ಕೆ ಸೆಳೆದು ಬಟ್ಟೆ ಕಿರಿದಾಗುತ್ತಾ ಹೋಗುವುದೇಕೆ?

ಹೊಕ್ಕಿನ ಎಳೆ ನೇರವಾಗಿ ಹೋಗುವುದಿಲ್ಲ. ಪ್ರತಿ ಹಾಸಿನ ಎಳೆಯ ಮೇಲೂ ಕೆಳಗೂ ಬಾಗುತ್ತಾ ಹೋಗುವುದರಿಂದ ಅದಕ್ಕೆ ಬಟ್ಟೆಯ ಅಗಲಕ್ಕಿಂತ ಹೆಚ್ಚು ಉದ್ದ ಬೇಕಾಗುತ್ತದೆ. ಆ ಹೆಚ್ಚಿನ ಉದ್ದವನ್ನು ನೇಯುವವರು ಕೊಡದಿದ್ದರೆ ಹೊಕ್ಕು ಅದನ್ನು ಅಂಚುಗಳನ್ನು ಎಳೆದುಕೊಂಡು ಪಡೆಯುತ್ತದೆ. ಆದ್ದರಿಂದ ಲಾಳಿ ದಾಟಿದ ಮೇಲೆ ಹೊಕ್ಕನ್ನು ಅಡ್ಡಗೆರೆಯಂತೆ ಬಿಗಿಯಾಗಿ ಎಳೆಯದೆ, ಅಂಚಿನಿಂದ ಸುಮಾರು 30 ಡಿಗ್ರಿ ಓರೆಯಾಗಿ ಮೇಲಕ್ಕೆ ಬಿಟ್ಟು, ನಂತರ ಹಣಿಗೆಯಿಂದ ತಂದು ಕೂಡಿಸಬೇಕು. ತಿರುವಿನಲ್ಲಿ ಅಂಚಿನ ಎಳೆಗೆ ಹೊಕ್ಕು ಹಗುರವಾಗಿ ತಾಗಿದರೆ ಸಾಕು.

ಪ್ರತಿ ಸಾಲಿನಲ್ಲೂ ಅಂಚನ್ನೇ ಚಿವುಟಿ ಸರಿಪಡಿಸುತ್ತಾ ಹೋಗುವವರ ಅಂಚು ಚೆನ್ನಾಗಿ ಬರುವುದು ಅಪರೂಪ, ಏಕೆಂದರೆ ಸಮನಾದ ಅಂಚು ಕೈಗಳ ಒಂದೇ ಲಯದಿಂದ ಬರುತ್ತದೆ, ತಿದ್ದುಪಡಿಯಿಂದಲ್ಲ. ಲಾಳಿಯಲ್ಲಿರುವ, ಹೊಕ್ಕಿನ ನೂಲು ಸುತ್ತಿದ ಕಂಡಿಕೆಯ ಸುತ್ತೂ ಇಲ್ಲಿ ಕಾರಣವಾಗಬಹುದು. ಕಂಡಿಕೆಯನ್ನು ಸಡಿಲವಾಗಿ ಸುತ್ತಿದ್ದರೆ ಎಳೆ ತನ್ನದೇ ಪದರದಲ್ಲಿ ಸಿಕ್ಕಿ ತಟ್ಟನೆ ಜಗ್ಗುತ್ತದೆ, ಆ ಜಗ್ಗು ನೇರವಾಗಿ ಅಂಚಿಗೆ ತಲುಪುತ್ತದೆ. ಟ್ವಿಲ್ ನೇಯುವಾಗ ಅಂಚಿನ ಎಳೆ ಕೆಲವು ಸಾಲುಗಳಲ್ಲಿ ಹೊಕ್ಕಿಗೆ ಸಿಗದೆ ತಪ್ಪಿಸಿಕೊಳ್ಳುವುದು ಆ ನೇಯ್ಗೆಯ ಸ್ವಭಾವವಾದ್ದರಿಂದ, ಎರಡೂ ಬದಿಗೆ ಯಾವ ಶಾಫ್ಟಿಗೂ ಸೇರದ ಒಂದೊಂದು ಎಳೆಯನ್ನು ಬಿಟ್ಟು, ಲಾಳಿ ಒಳಹೋಗುವಾಗ ಅದರ ಮೇಲಿನಿಂದ, ಹೊರಬರುವಾಗ ಅದರ ಕೆಳಗಿನಿಂದ ಬರುವಂತೆ ನೋಡಿಕೊಳ್ಳುತ್ತಾರೆ.

ಹಣಿಗೆಯನ್ನು ಎಷ್ಟು ಜೋರಾಗಿ ಬಡಿಯಬೇಕು?

ಸ್ಕಾರ್ಫಿನ ಮಟ್ಟಿಗೆ ಬಡಿಯುವುದು ಎಂಬ ಮಾತೇ ಜೋರಾಯಿತು. ಹೊಕ್ಕನ್ನು ಅದರ ಜಾಗಕ್ಕೆ ತಂದು ಇಡುವುದು ಎನ್ನಬೇಕು. ನಾಲ್ಕು ಎಳೆಗಳ ನಡುವೆ ಚಿಕ್ಕ ಚೌಕಾಕಾರದ ಕಿಂಡಿ ಕಾಣುತ್ತಿದ್ದರೆ ಹಾಸು ಹೊಕ್ಕುಗಳು ಸಮವಾಗಿವೆ. ಕಿಂಡಿ ಅಡ್ಡಕ್ಕೆ ಚಪ್ಪಟೆಯಾಗಿದ್ದರೆ ಬಡಿತ ಹೆಚ್ಚು, ಉದ್ದಕ್ಕೆ ಎಳೆದಂತಿದ್ದರೆ ಕಡಿಮೆ. ಆಗಾಗ ಅಳತೆಪಟ್ಟಿ ಇಟ್ಟು ಒಂದೆರಡು ಸೆಂಟಿಮೀಟರಿಗೆ ಎಷ್ಟು ಸಾಲು ಬಂದಿದೆ ಎಂದು ಎಣಿಸುವ ಅಭ್ಯಾಸವಿರಲಿ. ನೇಯ್ಗೆಯ ಮುಂಚೂಣಿ ಹಣಿಗೆಗೆ ತೀರ ಹತ್ತಿರ ಬರುವವರೆಗೆ ಕಾಯದೆ, ಐದಾರು ಸೆಂಟಿಮೀಟರಿಗೊಮ್ಮೆ ಬಟ್ಟೆಯನ್ನು ಮುಂದಕ್ಕೆ ಸುತ್ತಿಕೊಂಡರೆ ಬಡಿತದ ಕೋನ ಬದಲಾಗದೆ ಸಾಲುಗಳು ಸಮನಾಗಿ ಕೂರುತ್ತವೆ.

ನಡುವೆ ಹಾಸಿನ ಎಳೆ ಕಡಿದರೆ ಕೆಲಸ ಕೆಟ್ಟಂತೆಯೇ?

ಇಲ್ಲ. ಅದೇ ನೂಲಿನ ಹೊಸ ಎಳೆಯನ್ನು ಕಡಿದ ಎಳೆಯ ದಾರಿಯಲ್ಲೇ ಹಣಿಗೆಯ ಮೂಲಕ ತಂದು, ನೇಯ್ದ ಬಟ್ಟೆಯಲ್ಲಿ ನಾಲ್ಕೈದು ಸೆಂಟಿಮೀಟರ್ ಕೆಳಗೆ ಚುಚ್ಚಿದ ಗುಂಡುಸೂಜಿಗೆ ಎಂಟರ ಆಕಾರದಲ್ಲಿ ಸುತ್ತಿ, ಹಿಂದಿನ ತುದಿಗೆ ಸಣ್ಣ ಭಾರ ಕಟ್ಟಿ ಇಳಿಬಿಡಿ. ಕಡಿದ ಎಳೆ ಮತ್ತೆ ಮುಂದಕ್ಕೆ ಬಂದು ಸಾಕಷ್ಟು ಉದ್ದ ಸಿಕ್ಕಾಗ ಅದನ್ನೇ ಪುನಃ ಬಳಸಬಹುದು. ಬಟ್ಟೆ ಮಗ್ಗದಿಂದ ಇಳಿದ ಮೇಲೆ ತುದಿಗಳನ್ನು ಸೂಜಿಯಿಂದ ಪಕ್ಕದ ಎಳೆಯ ದಾರಿಯಲ್ಲೇ ಸೇರಿಸಿದರೆ, ಒಗೆದ ನಂತರ ಆ ಜಾಗವನ್ನು ಹುಡುಕುವುದೂ ಕಷ್ಟ. ಬಟ್ಟೆಯ ನಡುವೆ ಗಂಟು ಮಾತ್ರ ಹಾಕಬೇಡಿ.

ನೂಲಿನ ಉಂಡೆಗಳಲ್ಲಿ ಚೆಂದ ಕಂಡ ಬಣ್ಣಗಳು ಬಟ್ಟೆಯಲ್ಲಿ ಮಂಕಾಗುವುದೇಕೆ?

ಹಾಸಿನ ಒಂದು ಬಣ್ಣವೂ ಹೊಕ್ಕಿನ ಇನ್ನೊಂದು ಬಣ್ಣವೂ ಚುಕ್ಕಿಚುಕ್ಕಿಯಾಗಿ ಪಕ್ಕಪಕ್ಕದಲ್ಲಿ ಬಂದಾಗ, ಸ್ವಲ್ಪ ದೂರದಿಂದ ಕಣ್ಣು ಅವನ್ನು ಬೆರೆಸಿ ಒಂದೇ ಬಣ್ಣವಾಗಿ ಕಾಣುತ್ತದೆ. ಕೆಂಪು ಮತ್ತು ಹಸಿರಿನಂತಹ ವಿರುದ್ಧ ಬಣ್ಣಗಳು ಸಮಪ್ರಮಾಣದಲ್ಲಿ ಬೆರೆತಾಗ ಬೂದು ಅಥವಾ ಕಂದು ಛಾಯೆ ಹುಟ್ಟುತ್ತದೆ. ನೀಲಿ ಮತ್ತು ಹಸಿರಿನಂತೆ ಅಕ್ಕಪಕ್ಕದ ಬಣ್ಣಗಳು ಬೆರೆತರೆ ಹೊಳಪು ಉಳಿದು ಬಟ್ಟೆಗೆ ಆಳ ಬರುತ್ತದೆ. ವಿರುದ್ಧ ಬಣ್ಣಗಳೇ ಬೇಕೆಂದಿದ್ದರೆ ಅವನ್ನು ಅಗಲವಾದ ಪಟ್ಟಿಗಳಾಗಿ ಹಾಸಿನಲ್ಲಿ ಇಟ್ಟು, ಹೊಕ್ಕಿಗೆ ಯಾವುದಾದರೂ ಗಾಢವಾದ ಒಂದೇ ಬಣ್ಣ ಬಳಸುವುದು ಸುಲಭದ ದಾರಿ. ಲಾಗ್ ಕ್ಯಾಬಿನ್‌ನಂತಹ ವಿನ್ಯಾಸಗಳಿಗೆ ಬೇಕಾಗುವುದು ಬಣ್ಣದ ವ್ಯತ್ಯಾಸಕ್ಕಿಂತ ಗಾಢ ಮತ್ತು ತಿಳಿಯ ವ್ಯತ್ಯಾಸ. ನೂಲುಗಳ ಕಪ್ಪುಬಿಳುಪು ಫೋಟೊ ತೆಗೆದು ನೋಡಿದರೆ ಅದು ತಕ್ಷಣ ತಿಳಿಯುತ್ತದೆ. ಬಣ್ಣಗಳನ್ನು ಕಲಿಯಲು ಎಲ್ಲಕ್ಕಿಂತ ಒಳ್ಳೆಯ ಮಾದರಿ ಎಂದರೆ ಆರೇಳು ಬಣ್ಣಗಳ ಪಟ್ಟಿಗಳನ್ನು ಹಾಸಿನಲ್ಲಿಟ್ಟು, ಅದೇ ಕ್ರಮದಲ್ಲಿ ಅವೇ ಬಣ್ಣಗಳನ್ನು ಹೊಕ್ಕಿನಲ್ಲೂ ನೇಯುವುದು. ಪ್ರತಿ ಬಣ್ಣ ಉಳಿದ ಪ್ರತಿಯೊಂದು ಬಣ್ಣದೊಡನೆ ಬೆರೆತಾಗ ಏನಾಗುತ್ತದೆ ಎಂಬುದು ಒಂದೇ ತುಂಡಿನಲ್ಲಿ ಕಣ್ಣೆದುರು ಬರುತ್ತದೆ.

ತುದಿಗಳು ಬಿಚ್ಚಿಕೊಳ್ಳದಂತೆ ಹೇಗೆ ಮುಗಿಸಬೇಕು?

ಬಟ್ಟೆ ಮಗ್ಗದ ಮೇಲೆ ಬಿಗಿಯಾಗಿರುವಾಗಲೇ ಹೆಮ್‌ಸ್ಟಿಚ್ ಹಾಕುವುದು ಅಚ್ಚುಕಟ್ಟಾದ ವಿಧಾನ: ನಾಲ್ಕು ಎಳೆಗಳನ್ನು ಸೂಜಿಯಿಂದ ಬಳಸಿ ಕಟ್ಟಿ, ಎರಡು ಸಾಲು ಒಳಗಿನಿಂದ ಸೂಜಿ ಹೊರತಂದು ಮುಂದಿನ ನಾಲ್ಕಕ್ಕೆ ಹೋಗಬೇಕು. ಇದಕ್ಕಾಗಿ ಮೊದಲ ಸಾಲಿನ ಆರಂಭದಲ್ಲಿ ಅಗಲದ ನಾಲ್ಕರಷ್ಟು ಹೊಕ್ಕಿನ ಬಾಲವನ್ನು ಬಿಟ್ಟುಕೊಂಡಿರಬೇಕು. ಕುಚ್ಚು ಬೇಕಾದರೆ ಎಳೆಗಳ ಎರಡು ಗುಂಪುಗಳನ್ನು ಒಂದೇ ದಿಕ್ಕಿಗೆ ಹುರಿಗೊಳಿಸಿ, ನಂತರ ಎರಡನ್ನೂ ಸೇರಿಸಿ ವಿರುದ್ಧ ದಿಕ್ಕಿಗೆ ತಿರುಗಿಸಿ ತುದಿಗೆ ಗಂಟು ಹಾಕುತ್ತಾರೆ. ಹುರಿಗೊಳಿಸದ ಕುಚ್ಚು ಒಗೆತದಲ್ಲಿ ಕೆದರಿಹೋಗುವುದರಿಂದ ಈ ಕೆಲಸವನ್ನು ಒಗೆಯುವ ಮುಂಚೆಯೇ ಮುಗಿಸಿ.

ನೇಯ್ದ ಸ್ಕಾರ್ಫನ್ನು ಮೊದಲ ಬಾರಿ ಹೇಗೆ ಒಗೆಯಬೇಕು?

ಈ ಒಗೆತ ಕೊಳೆ ತೆಗೆಯುವುದಕ್ಕಲ್ಲ. ನೇಯ್ಗೆಯ ಕೊನೆಯ ಹಂತ ಇದು. ಉಣ್ಣೆಯಾದರೆ ಕೈಗೆ ಹಿತವಾಗಿ ಬಿಸಿಯೆನಿಸುವ, ಸುಮಾರು 40 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮೃದುವಾದ ಸೋಪು ಕದಡಿ, ಬಟ್ಟೆಯನ್ನು ಅರ್ಧ ಗಂಟೆ ನೆನೆಯಲು ಬಿಟ್ಟು, ಅಂಗೈಯಿಂದ ಒತ್ತಿ ಒತ್ತಿ ಬಿಡಬೇಕು. ಉಣ್ಣೆಯ ಕೂದಲಿನ ಮೇಲ್ಮೈಯಲ್ಲಿ ಸಣ್ಣ ಪೊರೆಗಳಿರುತ್ತವೆ; ಬಿಸಿ, ತೇವ ಮತ್ತು ಅಲುಗಾಟ ಸೇರಿದಾಗ ಅವು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಟ್ಟೆ ಹೊಂದಿಕೊಳ್ಳುತ್ತದೆ. ಇದೇ ಕ್ರಿಯೆ ಮಿತಿಮೀರಿದರೆ ಬಟ್ಟೆ ಕಂಬಳಿಯಂತೆ ಗಟ್ಟಿಯಾಗುತ್ತದೆ ಮತ್ತು ಅದನ್ನು ಹಿಂದಕ್ಕೆ ತರಲಾಗುವುದಿಲ್ಲ. ಆದ್ದರಿಂದ ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತಿರಬೇಕು: ಎಳೆಗಳನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಲು ನೋಡಿದಾಗ ಅವು ಸುಲಭವಾಗಿ ಜಾರದಿದ್ದರೆ ನಿಲ್ಲಿಸುವ ಹೊತ್ತು ಬಂದಿದೆ. ಜಾಲಿಸುವ ನೀರೂ ಅಷ್ಟೇ ಬಿಸಿಯಿರಲಿ. ಹಿಂಡದೆ, ಒಣಬಟ್ಟೆಯಲ್ಲಿ ಸುರುಳಿ ಸುತ್ತಿ ಒತ್ತಿ, ಚಪ್ಪಟೆಯಾಗಿ ಹರಡಿ ಒಣಗಿಸಿ.

ಹತ್ತಿಗೆ ಇಷ್ಟು ಜಾಗ್ರತೆ ಬೇಡ. ಮುಂದೆ ಹೇಗೆ ಒಗೆಯುವಿರೋ ಹಾಗೆಯೇ, ಅದಕ್ಕಿಂತ ತುಸು ಬಿಸಿ ನೀರಿನಲ್ಲಿ ಒಗೆದುಬಿಟ್ಟರೆ ಕುಗ್ಗುವುದೆಲ್ಲ ಮೊದಲೇ ಕುಗ್ಗುತ್ತದೆ. ರೇಷ್ಮೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜದೆ ಒಗೆಯಬೇಕು. ಲಿನನ್ ಮತ್ತು ರೇಷ್ಮೆಗೆ ಹಸಿ ಇರುವಾಗಲೇ ಇಸ್ತ್ರಿ ಮಾಡಿದರೆ ಹೊಳಪು ಬರುತ್ತದೆ.

ನೇಯುವಾಗ ಬೆನ್ನು, ಭುಜ ನೋಯುತ್ತವೆ, ಏನು ಮಾಡಬೇಕು?

ಮೊದಲು ಆಸನದ ಎತ್ತರ ನೋಡಿ. ಮಗ್ಗದ ಮುಂದಿನ ಅಡ್ಡಪಟ್ಟಿಗಿಂತ ಮೊಣಕೈ ತುಸು ಮೇಲಿರಬೇಕು. ಅರ್ಧ ಗಂಟೆಗೊಮ್ಮೆ ಎದ್ದು ನಡೆದಾಡುವುದು ಶರೀರಕ್ಕೂ ನೇಯ್ಗೆಗೂ ಒಳ್ಳೆಯದು, ಏಕೆಂದರೆ ದಣಿದ ಕೈಯ ಬಡಿತ ಬಟ್ಟೆಯಲ್ಲಿ ಕಾಣುತ್ತದೆ.

ಮಾದರಿ ತುಂಡುಗಳನ್ನು ಹೇಗೆ ಇಟ್ಟುಕೊಳ್ಳಬೇಕು?

ಪ್ರತಿಯೊಂದಕ್ಕೂ ಒಂದು ಚೀಟಿ ಹೊಲಿಯಿರಿ: ನೂಲಿನ ಹೆಸರು ಮತ್ತು ನಂಬರು, ಸೆಂಟಿಮೀಟರಿಗೆ ಹಾಸು ಹೊಕ್ಕುಗಳ ಸಂಖ್ಯೆ, ಮಗ್ಗದ ಮೇಲಿನ ಅಳತೆ, ಒಗೆದ ನಂತರದ ಅಳತೆ, ಒಗೆದ ವಿಧಾನ. ಚೀಟಿಯಿಲ್ಲದ ಮಾದರಿ ಕೆಲವೇ ತಿಂಗಳಲ್ಲಿ ಬರಿಯ ಬಟ್ಟೆಚೂರಾಗುತ್ತದೆ. ಉಣ್ಣೆ ಮತ್ತು ರೇಷ್ಮೆಯ ತುಂಡುಗಳನ್ನು ಬಟ್ಟೆ ತಿನ್ನುವ ಹುಳದಿಂದ ಕಾಪಾಡಲು ತೊಳೆದು, ಚೆನ್ನಾಗಿ ಒಣಗಿಸಿ, ಗಾಳಿಯಾಡದಂತೆ ಮುಚ್ಚುವ ಪೆಟ್ಟಿಗೆಯಲ್ಲಿಡಬೇಕು. ಚೆನ್ನಾಗಿ ಬರದ ತುಂಡನ್ನು ಎಸೆಯದಿರಿ. ಯಾವ ದಟ್ಟಣೆಯಲ್ಲಿ ಬಟ್ಟೆ ರಟ್ಟಾಯಿತು ಎಂಬ ಮಾಹಿತಿ ಅದರಲ್ಲಿ ಮಾತ್ರ ಇರುತ್ತದೆ.

ಅದೇ ವಿನ್ಯಾಸದಲ್ಲಿ ಇನ್ನೊಂದು ಸ್ಕಾರ್ಫ್ ಬೇಕಾದರೆ ಮಗ್ಗವನ್ನು ಮೊದಲಿನಿಂದ ಹೂಡಬೇಕೇ?

ಬೇಕಿಲ್ಲ. ಎರಡು ಸ್ಕಾರ್ಫುಗಳು ಬೇಕೆಂದು ಮೊದಲೇ ಗೊತ್ತಿದ್ದರೆ ಎರಡಕ್ಕೂ ಸೇರಿಸಿ ಒಂದೇ ಉದ್ದನೆಯ ಹಾಸು ಹೂಡಿ, ನಡುವೆ ಕುಚ್ಚಿನ ಜಾಗ ಬಿಟ್ಟು ನೇಯಬಹುದು. ಮಗ್ಗಕ್ಕೆ ಕಟ್ಟುವಲ್ಲಿ ವ್ಯರ್ಥವಾಗುವ ಉದ್ದ ಒಮ್ಮೆ ಮಾತ್ರ ಹೋಗುತ್ತದೆ. ಮೊದಲನೆಯದು ಮುಗಿದ ಮೇಲೆ ನಿರ್ಧರಿಸಿದರೆ, ಹಳೆಯ ಹಾಸಿನ ಎಳೆಗಳನ್ನು ಹಣಿಗೆಯಿಂದ ಹೊರಕ್ಕೆಳೆಯದೆ ಒಂದು ಗೇಣಿನಷ್ಟು ಉಳಿಸಿ ಕತ್ತರಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅವುಗಳಿಗೆ ಗಂಟು ಹಾಕಿ ಕೆಚ್ಚುತ್ತಾ ಹೋಗಬಹುದು. 150 ಎಳೆಗಳ ಸ್ಕಾರ್ಫಿನಲ್ಲಿ ಇದರಿಂದ ಉಳಿಯುವ ಸಮಯ ದೊಡ್ಡದಲ್ಲ, ಆದರೆ ನಾಲ್ಕು ಶಾಫ್ಟುಗಳಲ್ಲಿ ಜಟಿಲವಾದ ಸರದಿಯಲ್ಲಿ ಎಳೆ ಸೇರಿಸಿದ್ದಾಗ ಆ ಸರದಿಯನ್ನು ಮತ್ತೊಮ್ಮೆ ತಪ್ಪಿಲ್ಲದೆ ಸೇರಿಸುವ ಶ್ರಮವೆಲ್ಲ ತಪ್ಪುತ್ತದೆ. ಗಂಟುಗಳು ಚಿಕ್ಕದಾಗಿರಲಿ, ಪ್ರತಿ ಗಂಟನ್ನೂ ಬಿಗಿದು ನೋಡಿ, ಮತ್ತು ಅವೆಲ್ಲ ಹಣಿಗೆಯನ್ನು ದಾಟಿ ಬರುವವರೆಗೆ ಹಾಸನ್ನು ಸಡಿಲವಾಗಿಟ್ಟು ನಿಧಾನವಾಗಿ ಮುಂದಕ್ಕೆಳೆಯಿರಿ.